ಮ್ಯಾಚ್ ಮುಗಿದ ಮೇಲೆ ಏಳುವುದು ಹೇಗೆ: ಗಂಟೆಗಟ್ಟಲೆ ಗೇಮ್ ಆಡುವವರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಆಡುವಾಗ ಆಗಾಗ ಎದ್ದು ಓಡಾಡಬೇಕು ಅನ್ನುವುದು ಗೇಮ್ ಆಡುವ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಆಗುತ್ತಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ಹುಡುಗರು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: “ಅಲಾರಂ ಇಟ್ಟಿದ್ದೆ ಅಣ್ಣಾ, ಎರಡು ದಿನ ಎದ್ದೆ, ಆಮ್ಯಾಲೆ ಆಗ್ಲಿಲ್ಲ.” ಇದು ಸೋಮಾರಿತನದ ಮಾತಲ್ಲ. ಅಲಾರಂ ಬಡಿಯುವುದು ಸರಿಯಾಗಿ ಕೊನೆಯ ಜೋನ್ (ಆಡಲು ಉಳಿದ ಸುರಕ್ಷಿತ ಜಾಗ) ಮುಚ್ಚಿಕೊಳ್ಳುವ ಹೊತ್ತಿಗೆ. ಸ್ಕ್ವಾಡ್‌ನಲ್ಲಿ, ಅಂದರೆ ನಾಲ್ವರ ತಂಡದಲ್ಲಿ, ಮೂವರು ಹೋಗಿ ಒಬ್ಬನೇ ಉಳಿದಿರುತ್ತಾನೆ, ಉಳಿದವರೆಲ್ಲ ಅವನ ಕಿವಿಯಲ್ಲಿ ಕೂಗುತ್ತಿರುತ್ತಾರೆ. ಹೆಬ್ಬೆರಳಿನ ಬದಿಯಿಂದ ಅಲಾರಂ ಸರಿಸಿ ಆಟ ಮುಂದುವರಿಯುತ್ತದೆ. ಹೀಗೆ ನಾಲ್ಕು ಸಲ ಸರಿಸಿದ ಮೇಲೆ ಆ ಸದ್ದು ಬಡಿದರೂ ಒಂದೇ, ಬಡಿಯದಿದ್ದರೂ ಒಂದೇ.

ಬಿಡುವನ್ನು ಗಡಿಯಾರಕ್ಕೆ ಕಟ್ಟದೆ ಮ್ಯಾಚಿಗೆ ಕಟ್ಟಬೇಕು. ಕೆಳಗಿನ ಎಲ್ಲ ಹಂತಗಳೂ ಈ ಒಂದು ಮಾತಿನ ಮೇಲೆ ನಿಂತಿವೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ವ್ಯಾಯಾಮದ ಹಂತಕ್ಕೆ ನೇರವಾಗಿ ಹಾರಿದವರು ಒಂದು ವಾರ ಮಾಡಿ ಬಿಟ್ಟುಬಿಡುತ್ತಾರೆ.

ಹಂತ 1: ನಿಮ್ಮ ಗೇಮಿನಲ್ಲಿ ಸಂದು ಎಲ್ಲಿದೆ ಗುರುತಿಸಿ

ಒಂದೊಂದು ಗೇಮಿಗೆ ಒಂದೊಂದು ಲೆಕ್ಕ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಗೇಮಿನ ಎರಂಗಲ್ ಮ್ಯಾಪಿನಲ್ಲಿ ಕ್ಲಾಸಿಕ್ ಮ್ಯಾಚ್ ಆಡಿ ಕೊನೆಯವರೆಗೂ ಉಳಿದರೆ ಹತ್ತಿರ ಹತ್ತಿರ ಅರ್ಧ ಗಂಟೆ ಹಿಡಿಯುತ್ತದೆ. ಫ್ರೀ ಫೈರ್ ಮ್ಯಾಕ್ಸ್ ಮ್ಯಾಚು ಅದಕ್ಕಿಂತ ಬಹಳ ಬೇಗ ಮುಗಿಯುತ್ತದೆ. ವ್ಯಾಲೊರಂಟ್ ಎಂಬ ಶೂಟಿಂಗ್ ಗೇಮಿನ ಕಾಂಪಿಟಿಟಿವ್ (ರ‍್ಯಾಂಕಿಗಾಗಿ ಆಡುವ) ಮ್ಯಾಚಿನಲ್ಲಿ ಗೆಲ್ಲಲು 13 ರೌಂಡ್ ಬೇಕು. ಪೈಪೋಟಿ ಬಿಗಿಯಾಗಿದ್ದರೆ ಮುಕ್ಕಾಲು ಗಂಟೆಗೂ ಹೋಗುತ್ತದೆ.

ಉದ್ದದ ಮ್ಯಾಚ್ ಆಡುವವರು ಪ್ರತಿ ಮ್ಯಾಚ್ ಮುಗಿದ ಮೇಲೂ ಐದು ನಿಮಿಷ ಏಳಬೇಕು. ಚಿಕ್ಕ ಮ್ಯಾಚ್ ಆಡುವವರಿಗೆ ಎರಡು ಮುಗಿದ ಮೇಲೆ ಒಂದು ಬಿಡುವು ಸಾಕು, ಮೂರಕ್ಕೆ ದಾಟಿಸಬೇಡಿ. ಮೈನ್‌ಕ್ರಾಫ್ಟ್‌ನಂಥ, ಕಥೆ ಇರುವಂಥ, ಮ್ಯಾಚೇ ಇಲ್ಲದ ಗೇಮುಗಳಲ್ಲಿ ಮಾತ್ರ ಅಲಾರಂ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಯಾವ ಹೊತ್ತಿನಲ್ಲಿ ನಿಲ್ಲಿಸಿದರೂ ನಷ್ಟವಿಲ್ಲ. ಕ್ರಿಕೆಟ್ ಗೇಮ್ ಆದರೆ ಇನ್ನಿಂಗ್ಸ್ ಮುಗಿದಾಗ ಏಳಿ.

ಇನ್ನು ಒಂದೇ ಒಂದು ನಿಯಮ ಹಾಕಿಕೊಳ್ಳಿ: ಮುಂದಿನ ಮ್ಯಾಚಿಗೆ ರೆಡಿ ಬಟನ್ ಒತ್ತುವುದು ನಿಂತುಕೊಂಡೇ. ಕೂತಲ್ಲೇ ರೆಡಿ ಒತ್ತಿದರೆ ಮುಂದಿನ ಅರ್ಧ ಗಂಟೆ ಕೈತಪ್ಪಿತು ಅಂತಲೇ ಲೆಕ್ಕ. ಪಿಸಿಯಲ್ಲಿ ಆಡುವವರೂ ಅಷ್ಟೇ, ಕ್ಯೂ ಹಾಕುವ (ಮ್ಯಾಚ್ ಹುಡುಕಲು ಕೊಡುವ) ಮುಂಚೆ ಕುರ್ಚಿ ಹಿಂದಕ್ಕೆ ತಳ್ಳಿ ನಿಂತು ಮೌಸ್ ಒತ್ತಿ. ಮೊದಲ ವಾರ ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಇದೊಂದನ್ನು ಬಿಡಬೇಡಿ. ಎದ್ದು ನಿಂತ ಮೈ ನಾಲ್ಕು ಹೆಜ್ಜೆ ತಾನಾಗಿಯೇ ನಡೆಯುತ್ತದೆ.

ಹಂತ 2: ಕೂರುವ ಜಾಗ ಮತ್ತು ಬೇಕಾದ ಸಾಮಾನು

ದುಬಾರಿ ಗೇಮಿಂಗ್ ಚೇರ್ ಬೇಕಿಲ್ಲ. ಬೇಕಾದ ಸಾಮಾನು ಮನೆಯಲ್ಲೇ ಇದೆ: ಬೆನ್ನಿರುವ ಒಂದು ಕುರ್ಚಿ, ಸೊಂಟದ ಹಿಂದೆ ಇಡಲು ಸುತ್ತಿದ ಟವೆಲ್, ಪಾದ ನೆಲಕ್ಕೆ ತಾಗದಿದ್ದರೆ ಕೆಳಗೊಂದು ಮಣೆ, ಉದ್ದ ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್, ಒಂದು ಲೋಟ.

ಇದರಲ್ಲಿ ಎಕ್ಸ್‌ಟೆನ್ಶನ್ ಬಾಕ್ಸ್ ಯಾಕೆ ಅಂತ ಕೇಳುತ್ತೀರಿ. ಮೊಬೈಲ್ ಆಡುವವರ ಹೆಡಕು ನೋಯಲು ಒಂದು ಕಾರಣ ಚಾರ್ಜರ್ ವೈರು. ಪ್ಲಗ್ ಗೋಡೆಯ ಬುಡದಲ್ಲಿರುತ್ತದೆ, ವೈರು ಒಂದು ಮೀಟರು. ಆಡುವವನು ಅದರ ಅಳತೆಗೆ ಮಗ್ಗುಲಾಗಿ, ಗೋಡೆಗೆ ತಲೆ ಕೊಟ್ಟು, ಗದ್ದ ಎದೆಗೆ ತಾಗಿಸಿಕೊಂಡು ಬಿದ್ದಿರುತ್ತಾನೆ. ಮನುಷ್ಯನ ತಲೆ ಸುಮಾರು ಐದು ಕಿಲೋ ತೂಗುತ್ತದೆ. ಅದು ಮುಂದಕ್ಕೆ ಬಾಗಿದಷ್ಟೂ ಹೆಡಕಿನ ಸ್ನಾಯುಗಳ ಮೇಲೆ ಭಾರ ಏರುತ್ತದೆ. ವೈರು ಉದ್ದವಾದರೆ ಕುರ್ಚಿಯಲ್ಲಿ ಕೂತು, ಮೊಣಕೈ ದಿಂಬಿನ ಮೇಲಿಟ್ಟು, ಫೋನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಬಹುದು. ಸಾಧ್ಯವಾದರೆ ಚಾರ್ಜಿಗೆ ಹಾಕಿಕೊಂಡು ಆಡುವುದನ್ನೇ ಬಿಡಿ; ಫೋನು ಬಿಡುವಿನ ಹೊತ್ತಿನಲ್ಲಿ ಚಾರ್ಜ್ ಆಗಲಿ. ಫೋನು ಗೋಡೆ ಹತ್ತಿರ, ನೀವು ಅಡುಗೆಮನೆ ಹತ್ತಿರ.

ನೀರಿನ ವಿಷಯದಲ್ಲಿ ಎಲ್ಲರೂ ಉಲ್ಟಾ ಮಾಡುತ್ತಾರೆ. ಎರಡು ಲೀಟರ್ ಬಾಟಲಿ ಪಕ್ಕಕ್ಕಿಟ್ಟುಕೊಂಡರೆ ಮೂರು ಗಂಟೆ ಏಳುವ ಕೆಲಸವೇ ಇರುವುದಿಲ್ಲ. ಪಕ್ಕದಲ್ಲಿ ಒಂದೇ ಲೋಟ ಇರಲಿ, ಗಡಿಗೆಯೋ ಫಿಲ್ಟರೋ ಅಡುಗೆಮನೆಯಲ್ಲೇ ಇರಲಿ. ಲೋಟ ಖಾಲಿಯಾದಾಗ ಏಳಲೇಬೇಕು. ಕುಡಿದ ನೀರೂ ಒಂದು ಗಂಟೆಯಲ್ಲಿ ನಿಮ್ಮನ್ನು ಎಬ್ಬಿಸುತ್ತದೆ.

ಅಂಗಾತ ಮಲಗಿ, ಬೋರಲು ಮಲಗಿ ಆಡುವುದನ್ನು ಬಿಡಿ. ಬೋರಲು ಮಲಗಿ ಮೊಣಕೈ ಊರಿದಾಗ ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ನರ ಒತ್ತಿಕೊಳ್ಳುತ್ತದೆ. ಉಂಗುರಬೆರಳು, ಕಿರುಬೆರಳು ಜೋಮು ಹಿಡಿಯುವುದು ಅದರಿಂದಲೇ.

ಹಂತ 3: ಆಟದ ಒಳಗೇ ಸಿಗುವ ಅರ್ಧ ನಿಮಿಷ

ಮ್ಯಾಚ್ ನಡೆಯುತ್ತಿರುವಾಗಲೂ ಕೈ ಬಿಡುವಾಗುವ ಕ್ಷಣಗಳಿವೆ. ಬಿಜಿಎಂಐನಲ್ಲಿ ವಿಮಾನದಲ್ಲಿ ಕೂತಿರುವಾಗ, ಸತ್ತು ಜೊತೆಗಾರನ ಆಟ ನೋಡುತ್ತಿರುವಾಗ. ವ್ಯಾಲೊರಂಟ್‌ನಲ್ಲಿ ರೌಂಡಿಗೆ ಮುಂಚೆ ಬಂದೂಕು ಕೊಳ್ಳುವ 30 ಸೆಕೆಂಡಿನಲ್ಲಿ ಅರ್ಧ ಹೊತ್ತು ಖಾಲಿಯೇ ಇರುತ್ತದೆ.

ಆಗ ಮಾಡಬೇಕಾದ್ದು ಮೂರೇ. ಪಾದ ನೆಲಕ್ಕೂರಿ ಹಿಮ್ಮಡಿಯನ್ನು ಹತ್ತು ಸಲ ಎತ್ತಿ ಇಳಿಸಿ. ಭುಜವನ್ನು ಕಿವಿಯತ್ತ ಎತ್ತಿ, ಉಸಿರು ಬಿಡುತ್ತ ಕೆಳಗೆ ಬಿಡಿ. ಕಣ್ಣು ಪೂರ್ತಿ ಮುಚ್ಚಿ ತೆರೆಯಿರಿ, ಐದಾರು ಸಲ. ತೆರೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಬಡಿದರೂ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣು ಉರಿಯುವುದು, ಮರಳು ಬಿದ್ದಂತಾಗುವುದು ಇದರಿಂದ. ಕೂಲರ್ ಗಾಳಿ ನೇರ ಮುಖಕ್ಕೆ ಹೊಡೆಯುತ್ತಿದ್ದರೆ ಇನ್ನೂ ಬೇಗ ಒಣಗುತ್ತದೆ. ಕೂಲರನ್ನು ಬೆನ್ನಿನ ಕಡೆಗೆ ತಿರುಗಿಸಿ.

ಇದು ಬಿಡುವಿಗೆ ಬದಲಿ ಅಲ್ಲ. ಕೂತಲ್ಲೇ ಕಾಲಾಡಿಸಿದೆ, ಆಯಿತಲ್ಲ ಅಂದುಕೊಂಡು ಮುಂದಿನ ಹಂತ ಬಿಡಬೇಡಿ.

ಹಂತ 4: ಐದು ನಿಮಿಷದ ಬಿಡುವು, ಯಾವುದರ ಮೇಲೆ ಯಾವುದು

ಇಲ್ಲಿ ಎಲ್ಲರೂ ಕೈಯಿಂದ ಶುರುಮಾಡುತ್ತಾರೆ, ಯಾಕೆಂದರೆ ನೋಯುತ್ತಿರುವುದು ಕೈ. ಮ್ಯಾಚ್ ಮುಗಿದ ಕೂಡಲೇ ಬೆರಳು ಲಟಲಟ ಮುರಿಯುವುದು, ಮಣಿಕಟ್ಟು ಜಗ್ಗುವುದು, ಕುತ್ತಿಗೆ ಗರಗರ ತಿರುಗಿಸುವುದು. ಇದು ತಪ್ಪು ಕ್ರಮ. ಮೊದಲು ಕಣ್ಣು, ಆಮೇಲೆ ಕಾಲು, ಆಮೇಲೆ ಸೊಂಟ, ಆಮೇಲೆ ಎದೆ ಮತ್ತು ಕುತ್ತಿಗೆ, ಎಲ್ಲಕ್ಕಿಂತ ಕೊನೆಗೆ ಕೈ. ನಡೆದಾಡಿ ಮೈಯಲ್ಲಿ ರಕ್ತ ಓಡಾಡಿದ ಮೇಲೆ ಕೈಯ ಸ್ನಾಯು ಸಲೀಸಾಗಿ ಎಳೆಯುತ್ತವೆ. ಬಿಗಿದು ಕೂತದ್ದನ್ನು ಎದ್ದ ತಕ್ಷಣ ಜಗ್ಗಿದರೆ ನೋವು ಹೆಚ್ಚಾಗಬಹುದು.

ಮೊದಲನೆಯದು, ಫೋನು ಕೆಳಗಿಡಿ. ಕೈಯಲ್ಲಿ ಹಿಡಿದುಕೊಂಡೇ ಎದ್ದು ರೀಲ್ಸ್ ನೋಡುತ್ತ ನಡೆದರೆ ಕಾಲಿಗಷ್ಟೇ ಬಿಡುವು ಸಿಕ್ಕಿತು. ಕಣ್ಣು, ಹೆಡಕು, ಹೆಬ್ಬೆರಳು ಅಲ್ಲೇ ಇವೆ.

ಎರಡನೆಯದು, ದೂರ ನೋಡಿ. ಕಿಟಕಿಗೋ ಬಾಗಿಲಿಗೋ ಹೋಗಿ ಕನಿಷ್ಠ 20 ಅಡಿ ಆಚೆಗಿನದನ್ನು 20 ಸೆಕೆಂಡ್ ದಿಟ್ಟಿಸಿ. ಎದುರು ಮನೆಯ ಮಾಳಿಗೆ ಮೇಲಿನ ಸಿಂಟೆಕ್ಸ್ ಆದರೂ ಆಯಿತು, ಬೇವಿನ ಮರದ ತುದಿಯಾದರೂ ಆಯಿತು. ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಸಣ್ಣ ಸ್ನಾಯು ಬಿಗಿದುಕೊಂಡಿರುತ್ತದೆ, ದೂರಕ್ಕೆ ನೋಡಿದಾಗ ಸಡಿಲವಾಗುತ್ತದೆ. ಕಣ್ಣಿನ ಡಾಕ್ಟರುಗಳು 20 ನಿಮಿಷಕ್ಕೊಮ್ಮೆ ಇದನ್ನು ಮಾಡಲು ಹೇಳುತ್ತಾರೆ. ಮ್ಯಾಚ್ ನಡುವೆ ಆಗದಿದ್ದರೆ ಇಲ್ಲಂತೂ ತಪ್ಪಿಸಬೇಡಿ.

ಮೂರನೆಯದು, ನಡೆಯಿರಿ, ಒಂದೂವರೆ ಎರಡು ನಿಮಿಷ. ಬಚ್ಚಲಿಗೆ ಹೋಗುವುದಿದ್ದರೆ ಈಗಲೇ ಹೋಗಿಬನ್ನಿ, ಅಡುಗೆಮನೆಗೆ ಹೋಗಿ ಲೋಟ ತುಂಬಿಸಿಕೊಳ್ಳಿ. ನಿಂತು ಗೋಡೆ ಹಿಡಿದು ಹಿಮ್ಮಡಿ ಎತ್ತಿ, ಬೆರಳ ತುದಿಯ ಮೇಲೆ ಒಂದು ಕ್ಷಣ ನಿಂತು, ನಿಧಾನಕ್ಕೆ ಇಳಿಸಿ. ಹೀಗೆ 20 ಸಲ. ಮೊಣಕಾಲಿನ ಕೆಳಗಿನ ಮೀನಖಂಡ ನಮ್ಮ ಕಾಲಿನ ಪಂಪ್ ಇದ್ದಂತೆ. ಅದು ಬಿಗಿದು ಸಡಿಲವಾದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ಹೃದಯದ ಕಡೆ ಹೋಗುತ್ತದೆ. ಗಂಟೆಗಟ್ಟಲೆ ಕೂತರೆ ಪಂಪ್ ನಿಂತು, ರಕ್ತ ಕೆಳಗೇ ನಿಧಾನವಾಗುತ್ತದೆ. ಪಾದ ಊದುವುದು, ಚಪ್ಪಲಿ ಬಿಗಿಯಾಗುವುದು ಅದಕ್ಕೇ.

ನಾಲ್ಕನೆಯದು, ಸೊಂಟ. ಎರಡೂ ಅಂಗೈ ಸೊಂಟದ ಹಿಂದೆ ಇಟ್ಟು, ಮೊಣಕಾಲು ನೇರವಾಗಿಟ್ಟು, ಹಿಂದಕ್ಕೆ ಬಾಗಿ ಮತ್ತೆ ನೆಟ್ಟಗಾಗಿ. ಎಂಟು ಹತ್ತು ಸಲ. ಕೂತಾಗ ಬೆನ್ನು ಮುಂದಕ್ಕೇ ಬಾಗಿರುತ್ತದೆ, ಇದು ಅದರ ಎದುರು ದಿಕ್ಕು. ಬೆನ್ನುಮೂಳೆಯ ಎಲುಬುಗಳ ನಡುವಿನ ಮೆತ್ತನೆಯ ಡಿಸ್ಕಿಗೆ ದೊಡ್ಡವರಲ್ಲಿ ನೇರವಾಗಿ ರಕ್ತ ಬರುವುದು ತೀರಾ ಕಡಿಮೆ. ಮೈ ಅಲುಗಾಡಿ ಒತ್ತಡ ಹೆಚ್ಚು ಕಡಿಮೆ ಆದಾಗಲೇ ಅದಕ್ಕೆ ಪೋಷಣೆ ಸೇರುವುದು. ಹೀಗೆ ಬಾಗುವಾಗ ನೋವು ಕಾಲಿಗೆ ಇಳಿದರೆ ತಕ್ಷಣ ನಿಲ್ಲಿಸಿ. ಆಮೇಲೆ ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ಮುಂದಿನ ಮೊಣಕಾಲು ಮಡಿಸಿ. ಹಿಂದಿನ ಕಾಲಿನ ತೊಡೆಸಂದು ಎಳೆದಂತಾಗಬೇಕು. ಒಂದೊಂದು ಕಡೆ 20 ಸೆಕೆಂಡ್.

ಐದನೆಯದು, ಎದೆ ಮತ್ತು ಕುತ್ತಿಗೆ. ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಒರಗಿಸಿ ಅರ್ಧ ಹೆಜ್ಜೆ ಮುಂದಿಡಿ, 20 ಸೆಕೆಂಡ್. ಭುಜ ಮುಂದಕ್ಕೆ ಮುದುಡಿಕೊಂಡಿದ್ದು ತೆರೆದುಕೊಳ್ಳುತ್ತದೆ. ನಂತರ ಕಣ್ಣು ನೇರ ನೋಡುತ್ತ ಗದ್ದವನ್ನು ಹಿಂದಕ್ಕೆ ಎಳೆಯಿರಿ, ಕೆಳಕ್ಕೆ ಬಗ್ಗಿಸಬೇಡಿ. ಐದು ಎಣಿಸಿ ಬಿಡಿ, ಐದು ಸಲ. ಕುತ್ತಿಗೆಯನ್ನು ಪೂರ್ತಿ ಸುತ್ತು ತಿರುಗಿಸುವುದು ಬೇಡ.

ಕೊನೆಯದು ಕೈ. ಐದೂ ಬೆರಳು ಅಗಲಿಸಿ. ಆಮೇಲೆ ಬುಡ ನೇರವಿಟ್ಟು ಬೆರಳ ತುದಿಯ ಎರಡು ಗಿಣ್ಣು ಮಾತ್ರ ಕೊಕ್ಕೆಯ ಹಾಗೆ ಮಡಿಸಿ. ಆಮೇಲೆ ಮುಷ್ಟಿ ಕಟ್ಟಿ. ಇದೇ ಕ್ರಮದಲ್ಲಿ ಐದು ಸಲ, ಜೋರು ಹಾಕದೆ. ಒಂದು ಕೈ ಮುಂದಕ್ಕೆ ನೇರ ಚಾಚಿ, ಇನ್ನೊಂದು ಕೈಯಿಂದ ಬೆರಳುಗಳನ್ನು ನಿಮ್ಮತ್ತ ಎಳೆಯಿರಿ, 15 ಸೆಕೆಂಡ್. ಅಂಗೈ ಕೆಳಕ್ಕೆ ಬಾಗಿಸಿಯೂ ಅಷ್ಟೇ ಹೊತ್ತು. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳ ತುದಿಯನ್ನು ಒಂದೊಂದಾಗಿ ಮುಟ್ಟಿ. ನಾಲ್ಕು ಬೆರಳಿನ ಕ್ಲಾ ಗ್ರಿಪ್ (ಹೆಬ್ಬೆರಳುಗಳ ಜೊತೆ ಎರಡೂ ತೋರುಬೆರಳು ಮಡಿಸಿ ತೆರೆ ಒತ್ತುವ ರೀತಿ) ಹಿಡಿಯುವವರು ತೋರುಬೆರಳನ್ನು ನಿಧಾನಕ್ಕೆ ನೇರ ಮಾಡಿ ಹಿಂದಕ್ಕೆ ಎತ್ತುವುದನ್ನು ಸೇರಿಸಿಕೊಳ್ಳಿ. ಆ ಬೆರಳು ಇಡೀ ಮ್ಯಾಚ್ ಕೊಕ್ಕೆಯಂತೆ ಮಡಿಚಿಯೇ ಇರುತ್ತದೆ.

ಈಗ ನಿಂತುಕೊಂಡೇ ರೆಡಿ ಒತ್ತಿ.

ಹಂತ 5: ಎರಡು ಗಂಟೆಗೊಂದು ದೊಡ್ಡ ಬಿಡುವು, ಬಿಸಿಲಿನ ಲೆಕ್ಕದೊಂದಿಗೆ

ಎರಡು ಗಂಟೆ ಆಡಿದ ಮೇಲೆ 15ರಿಂದ 20 ನಿಮಿಷ ಪೂರ್ತಿ ಬಿಟ್ಟುಬಿಡಿ. ಓಣಿಯಲ್ಲೊಂದು ಸುತ್ತು ಹೊಡೆಯಿರಿ, ಮೆಟ್ಟಿಲು ಹತ್ತಿಳಿಯಿರಿ, ಮನೆಗೆ ಬೇಕಾದ ಹಾಲೋ ಕೊತ್ತಂಬರಿಯೋ ತಂದುಕೊಡಿ.

ಆದರೆ ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. “ಹೊರಗೆ ಹೋಗಿ ನಡೆದುಬನ್ನಿ” ಅನ್ನುವ ಸಲಹೆಯನ್ನು ರಾಯಚೂರಿನ ಮಧ್ಯಾಹ್ನಕ್ಕೆ ಹಾಗೇ ಅನ್ವಯಿಸಬೇಡಿ. ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ದೊಡ್ಡ ಬಿಡುವು ಮನೆಯೊಳಗೇ ಇರಲಿ: ಪಡಸಾಲೆಯಿಂದ ಹಿತ್ತಲ ಬಾಗಿಲವರೆಗೆ ನಡಿಗೆ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ. ಮಾಳಿಗೆಗೆ ಹೋಗುವುದು ಹೊತ್ತು ಇಳಿದ ಮೇಲೆ.

ತಗಡಿನ ಮೇಲ್ಛಾವಣಿಯ ಕೋಣೆಯಲ್ಲಿ ಆಡುವವರು ಇನ್ನೂ ಜಾಗ್ರತೆ. ಬೆವರುತ್ತ ಆಡುವಾಗ ನೀರಡಿಕೆ ಗೊತ್ತೇ ಆಗುವುದಿಲ್ಲ. ಮೂತ್ರ ಗಾಢ ಹಳದಿ ಬಂದರೆ ನೀರು ಸಾಲುತ್ತಿಲ್ಲ ಎಂದರ್ಥ. ಉಪ್ಪು ಹಾಕಿದ ನೀರುಮಜ್ಜಿಗೆ ಇದಕ್ಕೆ ಒಳ್ಳೆಯದು. ತಲೆಸುತ್ತು, ವಾಕರಿಕೆ, ತಲೆನೋವು ಬಂದರೆ ಆಟ ನಿಲ್ಲಿಸಿ, ತಂಪಿನಲ್ಲಿ ಮಲಗಿ, ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ ಕುಡಿಯಿರಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್. ಮಾತು ತೊದಲುವುದು, ಗೊಂದಲ, ಮೈ ಕೆಂಡದಂತೆ ಸುಡುವುದು ಕಂಡರೆ 108ಕ್ಕೆ ಫೋನ್ ಮಾಡಿ, ಅಷ್ಟರಲ್ಲಿ ಮೈಗೆ ನೀರು ಸುರಿದು ಗಾಳಿ ಹಾಕಿ.

ಕರೆಂಟ್ ಹೋದಾಗ ಪಿಸಿ ಬಿಟ್ಟು ಫೋನಿಗೆ ಜಿಗಿಯುವ ಅಭ್ಯಾಸ ಬಹಳ ಜನಕ್ಕಿದೆ. ಆ ಹೊತ್ತನ್ನೇ ದೊಡ್ಡ ಬಿಡುವೆಂದು ಲೆಕ್ಕಕ್ಕೆ ಹಿಡಿಯಿರಿ.

ಊಟದ ಮೇಲಿನ ಬಿಡುವನ್ನು ಯಾವ ಕಾರಣಕ್ಕೂ ಬಿಡಬೇಡಿ. ಹೊಟ್ಟೆ ತುಂಬ ಅನ್ನ ಉಂಡು ಅಥವಾ ಸಂಜೆ ಒಗ್ಗರಣಿ–ಮಿರ್ಚಿ ತಿಂದು ನೇರ ಆಟಕ್ಕೆ ಕೂತರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ಉಂಡ ಮೇಲೆ ಹತ್ತು ನಿಮಿಷ ನಡೆದರೆ ಆ ಏರಿಕೆ ಕಡಿಮೆಯಾಗುತ್ತದೆ. ಮನೆಯಲ್ಲಿ ಅಪ್ಪನಿಗೋ ಅವ್ವನಿಗೋ ಸಕ್ಕರೆ ಕಾಯಿಲೆ ಇದ್ದವರು ಇದನ್ನು ಇಂದಿನಿಂದಲೇ ಹಿಡಿಯಬೇಕು.

ಹಂತ 6: ನಿಮ್ಮ ದುಡಿಮೆಗೆ ತಕ್ಕಂತೆ ಬಿಡುವು ಬದಲಿಸಿ

ಎಲ್ಲರಿಗೂ ಒಂದೇ ಬಿಡುವು ಸರಿಹೋಗುವುದಿಲ್ಲ. ಬಿಡುವಿನ ಬಗ್ಗೆ ಬರೆಯುವವರೆಲ್ಲ ದಿನವಿಡೀ ಕುರ್ಚಿಯಲ್ಲಿ ಕೂತಿರುವವರನ್ನೇ ಕಣ್ಣೆದುರು ಇಟ್ಟುಕೊಂಡಿರುತ್ತಾರೆ. ನಮ್ಮ ಮೂರು ಜಿಲ್ಲೆಯಲ್ಲಿ ರಾತ್ರಿ ಆಡುವವರು ಹಗಲು ಬೇರೆ ಬೇರೆ ರೀತಿ ದಣಿದವರು.

ಬಳ್ಳಾರಿಯ ಜೀನ್ಸ್ ಹೊಲಿಯುವ ಹುಡುಗರನ್ನೇ ನೋಡಿ. ದಿನವಿಡೀ ಮಿಷನ್ ಮೇಲೆ ಬಾಗಿ, ಎರಡೂ ಕೈಯಿಂದ ದಪ್ಪ ಬಟ್ಟೆ ತಳ್ಳುತ್ತ, ಕಣ್ಣು ಸೂಜಿಯ ಮೇಲಿಟ್ಟು ಕೂತಿರುತ್ತಾರೆ. ರಾತ್ರಿ ಫೋನ್ ಹಿಡಿದಾಗಲೂ ಅದೇ ಬಾಗಿದ ಹೆಡಕು, ಅದೇ ಬೆರಳು, ಅದೇ ಹತ್ತಿರದ ನೋಟ. ಇವರಿಗೆ ಆಟವೆಂದರೆ ಕೆಲಸದ ಎರಡನೇ ಪಾಳಿ ಇದ್ದಹಾಗೆಯೇ, ಮೈಯ ಮಟ್ಟಿಗೆ. ಇಂಥವರು ಆಟಕ್ಕೆ ಕೂರುವ ಮುಂಚೆಯೇ ಹಂತ 4ನ್ನು ಒಂದು ಸಲ ಪೂರ್ತಿ ಮಾಡಬೇಕು, ಬಾಗಿಲ ಚೌಕಟ್ಟಿನದನ್ನು ಎರಡು ಸಲ. ಒಂದು ಮ್ಯಾಚ್ ಆದ ಮೇಲೆ ಕೈಗೆ ಹತ್ತು ನಿಮಿಷ ಬಿಡುವು ಕೊಡಿ. ಮಣಿಕಟ್ಟಿಗೆ ಪೆಟ್ಟಾದರೆ ಹೋಗುವುದು ರ‍್ಯಾಂಕ್ ಅಲ್ಲ, ಕೂಲಿ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ಥರ್ಮಲ್, ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಪಾಳಿಯಿಡೀ ನಿಂತು ದುಡಿದು ಬಂದವರದ್ದು ಬೇರೆ ಲೆಕ್ಕ. ಅವರ ಕಾಲು ಆಗಲೇ ದಣಿದಿದೆ. ಬಿಡುವಿನಲ್ಲಿ ನಾಲ್ಕು ಹೆಜ್ಜೆ ನಡೆದು, ಆಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ ಎರಡೂ ಕಾಲು ಗೋಡೆಗೆ ಎತ್ತಿಡಿ, ಮೂರು ನಾಲ್ಕು ನಿಮಿಷ, ಫೋನಿಲ್ಲದೆ. ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಆಟಕ್ಕೆ ಕೂರುವವರಿಗೆ ಯಾವ ವ್ಯಾಯಾಮವೂ ನಿದ್ದೆಯ ಸಾಲ ತೀರಿಸುವುದಿಲ್ಲ. ಒಂದು ಮ್ಯಾಚ್, ಆಮೇಲೆ ಮಲಗಿ.

ಗೇಮಿಂಗ್ ಪಾರ್ಲರಿನಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಆಡುವ ವಿದ್ಯಾರ್ಥಿಗಳು ಒಂದು ನಿಮಿಷವೂ ಏಳಲು ಒಪ್ಪುವುದಿಲ್ಲ, ಅರ್ಥವಾಗುತ್ತದೆ. ಮ್ಯಾಚ್ ಹುಡುಕುವ ಹೊತ್ತಿನಲ್ಲಿ, ಪಾತ್ರ ಆರಿಸುವ ಹೊತ್ತಿನಲ್ಲಿ ಕುರ್ಚಿಯ ಹಿಂದೆ ನಿಂತು ಹಿಮ್ಮಡಿ ಎತ್ತಿ, ಸೊಂಟ ಹಿಂದಕ್ಕೆ ಬಾಗಿಸಿ. ದುಡ್ಡೂ ಹೋಗುವುದಿಲ್ಲ.

ಹಂತ 7: ಸ್ಕ್ವಾಡನ್ನೂ ಮನೆಯವರನ್ನೂ ಒಪ್ಪಿಸಿ

ಒಬ್ಬನೇ ಎದ್ದರೆ ಉಳಿದ ಮೂವರು ರೇಗುತ್ತಾರೆ, ಅವನು ಮರಳಿ ಕೂರುತ್ತಾನೆ. ಅದಕ್ಕೇ ಬಿಡುವನ್ನು ಸ್ಕ್ವಾಡಿನದ್ದಾಗಿ ಮಾಡಿ. ಮೊದಲ ಮ್ಯಾಚಿಗೆ ಮುಂಚೆಯೇ ವಾಯ್ಸ್ ಚಾಟ್‌ನಲ್ಲಿ ಹೇಳಿ: “ಮ್ಯಾಚ್ ಮುಗಿದ್ ಮ್ಯಾಲೆ ಐದು ನಿಮಿಷ ಎಲ್ಲಾರೂ ಏಳ್ರಿ, ನೀರು ಕುಡದು ಬರ್ರಿ.” ಸೋತ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ, ಸೇಡು ತೀರಿಸಿಕೊಳ್ಳುವ ಆತುರದಲ್ಲಿ ಇರುತ್ತಾರೆ. ಸತತ ಎರಡು ಮ್ಯಾಚ್ ಸೋತಾಗ ಬಿಡುವು ಇನ್ನೂ ಮುಖ್ಯ. ಕೋಪದಲ್ಲಿ ಆಡುವವನು ಫೋನನ್ನು ಬಿಗಿಯಾಗಿ ಹಿಡಿಯುತ್ತಾನೆ, ತೆರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಾನೆ. ಹೆಬ್ಬೆರಳಿನ ಬುಡ ನೋಯಲು ಇದೂ ಒಂದು ಕಾರಣ.

ತಂದೆತಾಯಿಗೆ ಒಂದು ಮಾತು. ಮ್ಯಾಚ್ ನಡುವೆ “ಏ ತಮ್ಮಾ, ಏಳೋ ಇನ್ನ” ಎಂದು ಕೂಗಿದರೆ ಮಗ ಏಳುವುದಿಲ್ಲ, ಜಗಳ ಮಾತ್ರ ಆಗುತ್ತದೆ. “ಈ ಮ್ಯಾಚ್ ಎಷ್ಟೊತ್ತಿಗೆ ಮುಗಿತೈತಿ?” ಎಂದು ಕೇಳಿ, ಅವನು ಹೇಳಿದ ಹೊತ್ತಿಗೆ ಬಂದು ಒಂದು ಕೆಲಸ ಹೇಳಿ: ಕೊಡ ತುಂಬಿಸು, ಒಣಗಿದ ಬಟ್ಟೆ ತಗೊಂಡು ಬಾ. ಅವನೇ ಹೇಳಿದ ಹೊತ್ತಾದ್ದರಿಂದ ಇಲ್ಲ ಅನ್ನಲು ಬರುವುದಿಲ್ಲ.

ಹಂತ 8: ಆಟ ಮುಗಿಸುವ ರೀತಿ

ಎಷ್ಟು ಮ್ಯಾಚ್ ಎಂದು ಮೊದಲೇ ಚೀಟಿಯಲ್ಲಿ ಬರೆದು ಎದುರಿಗಿಡಿ. ಕೊನೆಯ ಮ್ಯಾಚಿಗೂ ಹಾಸಿಗೆಗೂ ನಡುವೆ ಮುಕ್ಕಾಲು ಗಂಟೆಯಾದರೂ ಇರಲಿ. ಎದೆ ಡವಡವ ಹೊಡೆದುಕೊಳ್ಳುವಾಗ ಮಲಗಿದರೆ ನಿದ್ದೆ ಬೇಗ ಹತ್ತುವುದಿಲ್ಲ. ಆ ಹೊತ್ತಿನಲ್ಲಿ ಮಾಳಿಗೆ ಮೇಲೆ ಹತ್ತು ನಿಮಿಷ ನಿಧಾನಕ್ಕೆ ನಡೆದು, ಹಂತ 4ರ ಸೊಂಟ ಮತ್ತು ಕೈಯದ್ದನ್ನು ಮಾಡಿ ಮುಗಿಸಿ.

ಬಿಡುವುಗಳು ವ್ಯಾಯಾಮದ ಜಾಗ ತುಂಬುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಇದು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಗೇಮ್ ಆಡದ ಹೊತ್ತಿನಲ್ಲಿ ಇದನ್ನು ಹೊಂದಿಸಿಕೊಳ್ಳಿ. ಬೆಳಿಗ್ಗೆ ಬಳ್ಳಾರಿ ಗುಡ್ಡ ಹತ್ತುವವರ ಜೊತೆ ಸೇರಿ, ಕೊಪ್ಪಳದ ಕಡೆಯವರು ಭಾನುವಾರ ಬಿಸಿಲೇರುವ ಮುಂಚೆ ಅಂಜನಾದ್ರಿಯ ಮೆಟ್ಟಿಲು ಹತ್ತಿ, ಇಲ್ಲವೇ ಓಣಿಯ ಹುಡುಗರ ಜೊತೆ ಕಬಡ್ಡಿ ಆಡಿ.

ಪದೇ ಪದೇ ಆಗುವ ತಪ್ಪುಗಳು

ಮೂತ್ರ ತಡೆದುಕೊಂಡು ಆಡುವುದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮಾಡುವವರು ಬಹಳ. ಮತ್ತೆ ಮತ್ತೆ ತಡೆದರೆ ಸೋಂಕಿಗೆ ದಾರಿ, ಅದರಲ್ಲೂ ಹೆಣ್ಣುಮಕ್ಕಳಿಗೆ.

ದಣಿವಿಗೆ ಎನರ್ಜಿ ಡ್ರಿಂಕ್ ಕುಡಿದು ಬಿಡುವು ತಪ್ಪಿಸುವುದು. ಅದರ ಕೆಫೀನು ಗಂಟೆಗಟ್ಟಲೆ ಮೈಯಲ್ಲಿ ಉಳಿದು ರಾತ್ರಿಯ ನಿದ್ದೆ ತಿನ್ನುತ್ತದೆ. ಮೈಯ ದಣಿವು ಅಲ್ಲೇ ಇರುತ್ತದೆ, ಗೊತ್ತಾಗುವುದು ಮಾತ್ರ ತಪ್ಪುತ್ತದೆ.

ನೋವಿನ ಮಾತ್ರೆ ನುಂಗಿ ಆಡುವುದು. ನೋವು ಮುಚ್ಚಿಕೊಂಡಾಗ ಅದೇ ಸ್ನಾಯುವಿಗೆ ಇನ್ನಷ್ಟು ಪೆಟ್ಟು ಬೀಳುತ್ತದೆ. ಮಣಿಕಟ್ಟಿಗೆ ಬಿಗಿ ಪಟ್ಟಿ ಕಟ್ಟಿಕೊಂಡು ಎಂದಿನಷ್ಟೇ ಆಡುವುದೂ ಇದೇ ತರಹ.

ಮೊದಲ ದಿನವೇ 50 ಬಸ್ಕಿ ಹೊಡೆದು ಮರುದಿನ ಏಳಲಾರದೆ ಬಿಡುವುದು. ಬಿಡುವಿನಲ್ಲಿ ಬೆವರು ಬರಬೇಕಾಗಿಲ್ಲ.

ಅಪಾಯದ ಸೂಚನೆಗಳು: ಯಾವಾಗ ಆಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು

ಕೂತಿದ್ದಾಗ ಕಾಲು ಜೋಮು ಹಿಡಿದು ಎದ್ದ ಮೇಲೆ ಬಿಟ್ಟುಹೋದರೆ ಹೆದರಬೇಕಿಲ್ಲ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದರ ಸೂಚನೆ ಇರಬಹುದು. ಹರೆಯದವರಲ್ಲಿ ಅಪರೂಪ, ಆದರೆ ಅದನ್ನು ತಿಕ್ಕಬೇಡಿ, ಅದೇ ದಿನ ತೋರಿಸಿ. ಅದರ ಜೊತೆಗಾಗಲಿ, ಅದಿಲ್ಲದೆಯಾಗಲಿ ಏಕಾಏಕಿ ಉಸಿರು ಕಟ್ಟುವುದು, ಎದೆನೋವು ಬಂದರೆ 108.

ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಹೊತ್ತು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುತ್ತಿರಬಹುದು. ಉಂಗುರಬೆರಳು, ಕಿರುಬೆರಳಾದರೆ ಮೊಣಕೈಯಲ್ಲಿ. ಹೆಬ್ಬೆರಳಿನ ಬುಡದಿಂದ ಮುಂಗೈವರೆಗೆ ನೋವಿದ್ದರೆ ಹೀಗೆ ನೋಡಿ: ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ನಿಧಾನಕ್ಕೆ ಬಾಗಿಸಿ. ಚುಳುಕ್ ಎಂದು ನೋವು ಬಂದರೆ ಆ ಜಾಗದ ಸ್ನಾಯುರಜ್ಜು ಊದಿರುವ ಸಾಧ್ಯತೆ ಇದೆ. ಒಂದೇ ಸಲ ನೋಡಿ, ಮತ್ತೆ ಮತ್ತೆ ಮಾಡಬೇಡಿ. ಒಂದು ವಾರ ಆಟ ಕಡಿಮೆ ಮಾಡಿದರೂ ಹೋಗದಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ ತಡ ಮಾಡಬೇಡಿ.

ಸೊಂಟನೋವು ಮೊಣಕಾಲಿನ ಕೆಳಗೆ ಇಳಿದರೆ, ಪಾದ ಎತ್ತಲು ಬಲ ಸಾಲದಿದ್ದರೆ ಬೇಗ ತೋರಿಸಿ. ಅದರ ಜೊತೆ ಮೂತ್ರದ ಹಿಡಿತ ತಪ್ಪಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.

ಮೈಯದಲ್ಲದ ಸೂಚನೆಯೂ ಒಂದಿದೆ. ಏಳಬೇಕೆಂದು ನಿಜವಾಗಿ ಅಂದುಕೊಂಡರೂ ಏಳಲಾಗದಿರುವುದು, ಊಟ, ನಿದ್ದೆ, ಕಾಲೇಜು, ಕೆಲಸ ಎಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದೆ ಎಂದು ಕಂಡರೂ ಮುಂದುವರಿಯುವುದು. ಇದು ತಿಂಗಳುಗಟ್ಟಲೆ ನಡೆದರೆ ಅದು ಕಾಯಿಲೆ ಇರಬಹುದು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ. ಮನೆಯಲ್ಲಿ ಬೈದು ಸರಿಮಾಡುವಂಥದ್ದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ.

ಕೈ, ಸೊಂಟದ ತೊಂದರೆಗೆ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವುಗಳ ಎಲುಬು ಕೀಲು ವಿಭಾಗಕ್ಕೆ ಹೋಗಬಹುದು. ಹೋಗುವಾಗ ಯಾವ ಬೆರಳು, ದಿನದ ಯಾವ ಹೊತ್ತು, ಎಷ್ಟು ಮ್ಯಾಚ್ ಆದ ಮೇಲೆ ನೋವು ಶುರುವಾಗುತ್ತದೆ ಎಂದು ನಾಲ್ಕು ದಿನ ಬರೆದಿಟ್ಟುಕೊಂಡು ಹೋಗಿ. “ಕೈ ನೋವು ಸರ್” ಎಂದಷ್ಟೇ ಹೇಳಿದರೆ ಮುಲಾಮು ಬರೆದುಕೊಡುತ್ತಾರೆ. ಗೇಮ್ ಆಡುತ್ತೇನೆ ಎಂದು ಹೇಳಲು ಸಂಕೋಚ ಬೇಡ. ಜೇಬಿನಿಂದ ಫೋನ್ ತೆಗೆದು, ಅಡ್ಡ ಹಿಡಿದು, ಯಾವ ಬೆರಳು ಎಲ್ಲಿ ಇರುತ್ತದೆ ಎಂದು ಅವರ ಎದುರಿಗೇ ತೋರಿಸಿ.